ಹಾಡು ಕೇಳುತ್ತಾ ಸಿನಿಮಾ ಕಟ್ಟಿದ ಸಾಂತಿಯಾಗೊ ಆಲ್ವಾರೆಸ್

ಎಡಿಟಿಂಗ್ ಕಲಿಯಲು ಬರುವವರಿಗೆ ನಾನು ಮೊದಲು ತೋರಿಸುವುದು 1965ರ ಕ್ಯೂಬನ್ ಚಿತ್ರ ‘ನೌ’. ಐದಾರು ನಿಮಿಷ, ಅಷ್ಟೇ. ನಿರೂಪಣೆ ಇಲ್ಲ, ಸಂದರ್ಶನ ಇಲ್ಲ. ಜಾಸ್ತಿ ಇರುವುದು ಫೋಟೊಗಳು. ಅಮೆರಿಕದ ಪೊಲೀಸರು ಕಪ್ಪು ಜನರನ್ನು ಹೊಡೆಯುವ, ಎಳೆದೊಯ್ಯುವ ಫೋಟೊಗಳು. ಜೊತೆಗೆ ಅಮೆರಿಕದ ಕಪ್ಪು ಗಾಯಕಿ ಲೀನಾ ಹಾರ್ನ್ ಹಾಡು.

ನಿರ್ದೇಶಕ ಸಾಂತಿಯಾಗೊ ಆಲ್ವಾರೆಸ್ 1919ರಲ್ಲಿ ಹವಾನಾದಲ್ಲಿ ಹುಟ್ಟಿದವರು. ಯೌವನದಲ್ಲಿ ಅಮೆರಿಕಕ್ಕೆ ಹೋಗಿ ಕಲ್ಲಿದ್ದಲು ಗಣಿಯಲ್ಲಿ ದುಡಿದರು, ಪಾತ್ರೆ ತೊಳೆದರು. ಊರಿಗೆ ಮರಳಿದ ಮೇಲೆ ಟಿವಿ ಕೇಂದ್ರವೊಂದರ ಸಂಗೀತ ಸಂಗ್ರಹದಲ್ಲಿ ಕೆಲಸ. 1959ರಲ್ಲಿ ಕ್ರಾಂತಿ ಗೆದ್ದಿತು. ಅದೇ ಮಾರ್ಚ್‌ನಲ್ಲಿ ಸರ್ಕಾರಿ ಚಿತ್ರಸಂಸ್ಥೆ ‘ಇಕಾಯ್ಕ್’ ಶುರುವಾಯಿತು. ಮರುವರ್ಷ ಅದರ ವಾರದ ಸುದ್ದಿಚಿತ್ರದ ಹೊಣೆ ಇವರಿಗೆ ಬಂತು. ಆಗಲೇ ವಯಸ್ಸು ನಲವತ್ತು ದಾಟಿತ್ತು!

ಅಮೆರಿಕದ ದಿಗ್ಬಂಧನದಿಂದ ಕ್ಯೂಬಾದಲ್ಲಿ ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟವಾಯಿತು. ಹಾಗಾಗಿ ಪತ್ರಿಕೆಯ ಚಿತ್ರ, ಹಳೆಯ ತುಣುಕು, ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದರು. ಎರಡು ಫೋಟೊ, ಸಂಗೀತ, ಒಂದು ಮೂವಿಯೋಲಾ (ಫಿಲ್ಮ್ ಎಡಿಟ್ ಮಾಡುವ ಯಂತ್ರ) ಕೊಟ್ಟರೆ ಸಿನಿಮಾ ಮಾಡಿಕೊಡುತ್ತೇನೆ ಎಂಬ ಅವರ ಮಾತು ಎಡಿಟರ್‌ಗಳ ನಡುವೆ ಪ್ರಸಿದ್ಧ. ಅದನ್ನು ಹೇಳುವವರೆಲ್ಲ ಕೊರತೆಯ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಸಂಗೀತ. ಕೊರತೆ ಅಲ್ಲಿ ಎಲ್ಲರಿಗೂ ಇತ್ತು ಅಲ್ವಾ? ಆ ಕಿವಿ ಇದ್ದದ್ದು ಇವರಿಗೆ.

‘ನೌ’ ಗಮನಿಸಿ. ಹಾಡು ನಿಧಾನವಾಗಿದ್ದಾಗ ಕ್ಯಾಮೆರಾ ಫೋಟೊದ ಮೇಲೆ ತೆವಳುತ್ತದೆ. ತಾಳ ಏರಿದಂತೆ ಶಾಟ್‌ಗಳು ಚಿಕ್ಕದಾಗುತ್ತವೆ. ಒಂದೇ ಫೋಟೊದ ಒಳಗೇ ಒಂದು ಭಾಗದಿಂದ ಇನ್ನೊಂದಕ್ಕೆ ಕಟ್ ಬೀಳುತ್ತದೆ, ನಿಂತ ಚಿತ್ರ ಓಡತೊಡಗುತ್ತದೆ. ಸೌಂಡ್ ತೆಗೆದು ನೋಡಿ, ಆಗಲೂ ತಾಳ ಗೊತ್ತಾಗುತ್ತದೆ. ಕೊನೆಗೆ ಮಷಿನ್‌ಗನ್ ಗುಂಡುಗಳೇ ‘ನೌ’ ಎಂದು ಅಕ್ಷರ ಕೊರೆಯುತ್ತವೆ. 1969ರಲ್ಲಿ ವಿಯೆಟ್ನಾಂ ನಾಯಕ ಹೋ ಚಿ ಮಿನ್ ತೀರಿಕೊಂಡಾಗ ಮಾಡಿದ ‘79 ವಸಂತಗಳು’ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ವಿಯೆಟ್ನಾಂ ಯುದ್ಧದ ದೃಶ್ಯದ ನಡುವೆ ಫಿಲ್ಮೇ ಗೀರಿ, ಹರಿದು, ಸುಡುತ್ತದೆ.

1968ರ ‘ಎಲ್‌ಬಿಜೆ’ ಬಗ್ಗೆ ನನಗೆ ತಕರಾರಿದೆ. ಅಮೆರಿಕದ ಆಗಿನ ಅಧ್ಯಕ್ಷ ಲಿಂಡನ್ ಬಿ. ಜಾನ್ಸನ್ ಹೆಸರಿನ ಎಲ್, ಬಿ, ಜೆ ಎಂಬ ಮೂರು ಅಕ್ಷರಗಳನ್ನು ಕೊಲೆಯಾದ ಮೂವರಿಗೆ ಹಂಚುತ್ತದೆ ಆ ಚಿತ್ರ: ಮಾರ್ಟಿನ್ ಲೂಥರ್ ಕಿಂಗ್, ಬಾಬ್ ಕೆನಡಿ, ಜಾನ್ ಕೆನಡಿ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಸಾಕು, ನೋಡುವವರು ನಂಟು ಕಟ್ಟಿಬಿಡುತ್ತಾರೆ. ಜಾನ್ಸನ್‌ಗೂ ಆ ಕೊಲೆಗಳಿಗೂ ನಂಟಿದೆ ಎನ್ನಲು ಇಲ್ಲಿ ಪುರಾವೆಯ ಜಾಗದಲ್ಲಿ ಕಟ್ ಕೂತಿದೆ. ಆಲ್ವಾರೆಸ್ ತಮ್ಮ ಪಕ್ಷಪಾತವನ್ನು ಎಂದೂ ಮುಚ್ಚಿಡಲಿಲ್ಲ, ನಿಜ. ಆದರೂ ವಿದ್ಯಾರ್ಥಿಗಳಿಗೆ ಇದನ್ನು ‘ನೌ’ ಜೊತೆಗೇ ತೋರಿಸುತ್ತೇನೆ. ಎರಡರಲ್ಲೂ ಕೈಚಳಕ ಅದೇ.

ಅವರು 1998ರಲ್ಲಿ ತೀರಿಕೊಂಡರು. ಸುದ್ದಿಚಿತ್ರ 1990ರವರೆಗೆ ನಡೆದಿತ್ತು. ಸುಮಾರು 1,500 ಸಂಚಿಕೆಗಳ ಆ ಮೂಲ ನೆಗೆಟಿವ್‌ಗಳನ್ನು ಯುನೆಸ್ಕೊ 2009ರಲ್ಲಿ ಜಗತ್ತಿನ ಮುಖ್ಯ ದಾಖಲೆಗಳ ‘ವಿಶ್ವದ ನೆನಪು’ ಪಟ್ಟಿಗೆ ಸೇರಿಸಿತು.