ಪೆನ್ಸಿಲ್ ಕೊಡೋ ಮೊದ್ಲು ಪ್ಲೇ ಡೋ ಕೊಡಿ
ಮಕ್ಕಳ ಆಕ್ಯುಪೇಶನಲ್ ಥೆರಪಿಸ್ಟ್ (ಬರೆಯೋದು, ಉಣ್ಣೋದು ಥರದ ದಿನನಿತ್ಯದ ಕೆಲಸಕ್ಕೆ ಮಕ್ಕಳನ್ನ ಪಳಗಿಸೋರು) ಆಗಿರೋದ್ರಿಂದ ಪೇರೆಂಟ್ಸ್ ಹತ್ರ ನಾನು ತುಂಬಾ ಕೇಳೋ ಮಾತು ಅಂದ್ರೆ "ಮಗು ಪೆನ್ಸಿಲ್ ಸರಿಯಾಗಿ ಹಿಡಿಯಲ್ಲ, ಬರೆಯೋಕೆ ಕೂರಿಸಿದ್ರೆ ಅಳತ್ತೆ". ಮೂರು, ನಾಲ್ಕು ವರ್ಷದ ಮಗುವಾದ್ರೆ ಪೆನ್ಸಿಲ್ ಸ್ವಲ್ಪ ದಿನ ಪಕ್ಕಕ್ಕಿಡಿ ಅಂತೀನಿ. ಆ ವಯಸ್ಸಲ್ಲಿ ಮಣಿಕಟ್ಟಿನ ಪುಟ್ಟ ಮೂಳೆಗಳೇ ಇನ್ನೂ ಪೂರ್ತಿ ಬಲಿತಿರಲ್ಲ, ಬೆರಳುಗಳಿಗೂ ಬಲ ಸಾಲದು. ಪ್ಲೇ ಡೋ, ಅಂದ್ರೆ ಮಕ್ಕಳು ಆಡೋ ಮೆತ್ತನೆ ಹಿಟ್ಟನ್ನ ನಾದಿ, ಹಿಸುಕಿ, ಹೊಸೆದಾಗ ಬರೆಯೋಕೆ ಬೇಕಾದ ಬಲಾನೇ ಬರೋದು.

ಅಕ್ಷರದ ಅಚ್ಚುಗಳು ಮಾತ್ರ ಬೇಡ. ಅಚ್ಚು ಒತ್ತಿದ್ರೆ ಚಂದದ ಅಕ್ಷರ ಬರತ್ತೆ ಸರಿ, ಆದ್ರೆ ಆ ತಿರುವು ಎಲ್ಲಿದೆ ಅಂತ ಮಗುವಿನ ಕೈಗೆ ಗೊತ್ತೇ ಆಗಲ್ಲ. ಉದ್ದಕ್ಕೆ ಹಾವಿನ ಥರ ಹೊಸೆದು, ದೊಡ್ಡದಾಗಿ ಬರೆದ ಅಕ್ಷರದ ಮೇಲೆ ಜೋಡಿಸೋಕೆ ಬಿಡಿ. ನಮ್ಮ ಅಕ್ಷರಗಳು ದುಂಡಗಿರೋದ್ರಿಂದ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ, ಅ ಆ ಇಂದಾನೇ ಶುರು ಮಾಡ್ಬೇಕಂತಿಲ್ಲ, ರ, ಗ ಸುಲಭ. ಜೋಡಿಸುವಾಗ ಮಗು ತಲೆಕಟ್ಟು ಮೊದ್ಲು ಇಟ್ರೂ ಪರವಾಗಿಲ್ಲ, ಆದ್ರೆ ಮುಗಿದ ಮೇಲೆ ಬರೆಯೋ ದಿಕ್ಕಲ್ಲೇ ಬೆರಳಿಂದ ತಿದ್ದಿಸಿ, ಜೊತೆಗೆ ಜೋರಾಗಿ ಹೇಳಿಸಿ. ದಯವಿಟ್ಟು ಇದನ್ನ ಬಿಡಬೇಡಿ, ಇದಿಲ್ದಿದ್ರೆ ಅದು ಬರೀ ಕ್ರಾಫ್ಟ್ ಆಗತ್ತೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 100 ವರ್ಷಕ್ಕೂ ಹಿಂದೆ ಉಪ್ಪುಕಾಗದದ (ಸ್ಯಾಂಡ್‌ಪೇಪರ್) ಅಕ್ಷರಗಳನ್ನ ಮಕ್ಕಳ ಬೆರಳಿಂದ ತಿದ್ದಿಸ್ತಿದ್ದದ್ದೂ ಇದಕ್ಕೇ.

ನಂಗೆ ತುಂಬಾ ಇಷ್ಟ ಆಗೋದು ಗೊಂದಲದ ಅಕ್ಷರಗಳನ್ನ ಹೀಗೆ ಕಲಿಸೋದು. ದ ಮಾಡಿ, ಕೆಳಗೊಂದು ಪುಟ್ಟ ಕಡ್ಡಿ ಸೇರಿಸಿದ್ರೆ ಧ, ಆ ಧ ಹೊಟ್ಟೇಲಿ ಚುಕ್ಕೆ ಇಟ್ರೆ ಥ. ಕಡ್ಡಿ ಇಟ್ಟಿದ್ದು, ತೆಗೆದಿದ್ದು ಎರಡೂ ತಾನೇ ಮಾಡಿರೋದ್ರಿಂದ ವ್ಯತ್ಯಾಸ ಎಲ್ಲಿದೆ ಅಂತ ಮಗುಗೆ ಗೊತ್ತಿರತ್ತೆ, ಪುಸ್ತಕದಲ್ಲಿ ಪಕ್ಕಪಕ್ಕ ತೋರಿಸಿದ್ರೆ ಇದು ಅಷ್ಟು ಬೇಗ ಬರಲ್ಲ.

ನಂಬರ್‌ಗೆ ಬಂದ್ರೆ 5 ಅನ್ನೋ ಆಕಾರಕ್ಕಿಂತ ಮೊದ್ಲು ಐದು ಉಂಡೆ ಮಾಡಿಸಿ. ಎಣಿಸಿದ ಮೇಲೆ "ಒಟ್ಟು ಎಷ್ಟು?" ಅಂತ ಕೇಳಿ, ಮಗು ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡಿದ್ರೆ ಕೊನೆಗೆ ಹೇಳಿದ ನಂಬರೇ ಒಟ್ಟು ಅನ್ನೋದು ಇನ್ನೂ ಬಂದಿಲ್ಲ ಅಂತ ಅರ್ಥ, ಅವಸರ ಬೇಡ. ಬಂದ್ಮೇಲೆ ಅದೇ ಐದನ್ನ ಎರಡು ಮೂರು, ಒಂದು ನಾಲ್ಕು ಅಂತ ಬೇರೆ ಮಾಡಿ ಆಡಿಸಿ. ಉಂಡೆಗಳು ಒಂದೇ ಸೈಜ್ ಇರ್ಲಿ, ಯಾಕಂದ್ರೆ ಚಿಕ್ಕ ಮಕ್ಕಳು ಕಣ್ಣಿಗೆ ಕಾಣೋ ಆಕಾರವನ್ನೇ ನಂಬ್ತಾರೆ. ಒಂದೇ ಅಳತೆಯ ಎರಡು ಉಂಡೆಯಲ್ಲಿ ಒಂದನ್ನ ಉದ್ದಕ್ಕೆ ಹೊಸೆದ್ರೆ ಅದ್ರಲ್ಲೇ ಜಾಸ್ತಿ ಇದೆ ಅಂತ ಚಿಕ್ಕ ಮಕ್ಕಳು ಹೇಳ್ತಾರೆ, ಮಕ್ಕಳ ಯೋಚನೆ ಹೇಗೆ ಬೆಳೆಯತ್ತೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಇದನ್ನ ಪ್ರಯೋಗ ಮಾಡೇ ತೋರಿಸಿದ್ರು. 6-7 ವರ್ಷದವರೆಗೆ ಇದು ಸಹಜ, ತಪ್ಪು ಅಂತ ಗದರಬೇಡಿ.

ಮನೇಲೇ ಮಾಡೋದಾದ್ರೆ ಎರಡು ಕಪ್ ಮೈದಾಗೆ ಒಂದು ಕಪ್ ಉಪ್ಪು, ಸ್ವಲ್ಪ ಎಣ್ಣೆ, ಹದಕ್ಕೆ ಬೇಕಾದಷ್ಟು ನೀರು. ಉಪ್ಪು ಜಾಸ್ತಿ ಇರೋದ್ರಿಂದ ಬಾಯಿಗೆ ಹಾಕ್ಕೊಳ್ಳೋ ಮಕ್ಕಳ ಪಕ್ಕದಲ್ಲೇ ಕೂತಿರಿ, ಗೋಧಿ ಅಲರ್ಜಿ ಇದ್ರೆ ಮೈದಾ ಬೇಡ, ಅಂಗಡಿಯ ಡಬ್ಬಿ ಮೇಲೂ ಓದಿ ನೋಡಿ. ಶುರುವಲ್ಲಿ ಮೆತ್ತಗಿರ್ಲಿ, ಕೈ ಪಳಗಿದ ಹಾಗೆ ಸ್ವಲ್ಪ ಗಟ್ಟಿ ಮಾಡ್ತಾ ಹೋಗಿ.

ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಹಿಡಿದು ಬಟಾಣಿಯಷ್ಟು ಚಿಕ್ಕ ಉಂಡೆ ಮಾಡೋಕೆ ಬಂತು ಅಂದ್ರೆ ಆಗ ಒಂದು ತುಂಡು ಕ್ರೆಯಾನ್ ಕೊಡಿ, ಉದ್ದದ್ದಲ್ಲ, ತುಂಡೇ. ಚಿಕ್ಕದಿದ್ರೆ ಮುಷ್ಟಿ ಕಟ್ಟಿ ಹಿಡಿಯೋಕೆ ಆಗಲ್ಲ, ಅದೇ ಮೂರು ಬೆರಳಲ್ಲಿ ಹಿಡೀಬೇಕಾಗತ್ತೆ.