ಕೆನ್ಯಾದ ಹಳ್ಳಿಗೆ ಬಂದ 87,000 ಶಿಲಿಂಗ್: ನಗದು ವರ್ಗಾವಣೆಯ ಲೆಕ್ಕದಲ್ಲಿ ನಾನು ಎಡವಿದ ಜಾಗ

ಅಭಿವೃದ್ಧಿ ಅರ್ಥಶಾಸ್ತ್ರದ ಪತ್ರಿಕೆಗೆ ಓದುತ್ತ, ನೇರ ನಗದು ವರ್ಗಾವಣೆಯ ಅಧ್ಯಾಯದಲ್ಲಿ ಮೂರು ದಿನ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಷರತ್ತು ಇರುವ ವರ್ಗಾವಣೆ ಯಾವುದು, ಇಲ್ಲದ್ದು ಯಾವುದು ಎಂಬುದೆಲ್ಲ ಪಠ್ಯದಲ್ಲಿ ಚೆನ್ನಾಗಿಯೇ ಇದೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಕೆಳಗಿರುವುದೆಲ್ಲ ಷರತ್ತಿಲ್ಲದೆ ಕೊಟ್ಟ ಹಣದ ವಿಚಾರ.

ರರಿಯೆಡಾ, ಚುಟುಕಾಗಿ

ಪಶ್ಚಿಮ ಕೆನ್ಯಾದ ಸಿಯಾಯಾ ಕೌಂಟಿಯಲ್ಲಿ ರರಿಯೆಡಾ ಎಂಬ ಸೀಮೆ ಇದೆ. 2011ರಿಂದ 2013ರ ನಡುವೆ ಗಿವ್‌ಡೈರೆಕ್ಟ್‌ಲಿ ಸಂಸ್ಥೆ ಅಲ್ಲಿನ ಬಡ ಕುಟುಂಬಗಳಿಗೆ ಎಂ-ಪೆಸಾ ಮೂಲಕ, ಅಂದರೆ ನೇರವಾಗಿ ಮೊಬೈಲ್‌ಗೆ, ಹಣ ಕಳುಹಿಸಿತು. ಬಡವರು ಯಾರು ಎಂದು ಗುರುತಿಸಲು ಕಡತ, ಪ್ರಮಾಣಪತ್ರ ಏನೂ ಬೇಕಿರಲಿಲ್ಲ. ಮನೆಯ ಮಾಡು ಹುಲ್ಲಿನದಾಗಿದ್ದರೆ ಸಾಕು. ಯೊಹಾನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೋ 2016ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಊಟ ಮತ್ತು ದಿನದ ಖರ್ಚು ಹೆಚ್ಚಿತ್ತು, ಜಾನುವಾರು ಹೆಚ್ಚಿದ್ದವು, ಹುಲ್ಲಿನ ಮಾಡು ತಗಡಿನದಾಗಿತ್ತು. ಹೆಂಡ, ತಂಬಾಕಿನ ಖರ್ಚು ಮಾತ್ರ ಹೆಚ್ಚಿರಲಿಲ್ಲ.

ತಗಡಿನ ಮಾಡನ್ನು ನಾನು ಮೊದಲು ಶೋಕಿಯ ಪಟ್ಟಿಗೆ ಸೇರಿಸಿದ್ದೆ. ಅದು ತಪ್ಪು. ಹುಲ್ಲನ್ನು ಆಗಾಗ ಬದಲಿಸಲೇಬೇಕು, ಪ್ರತಿ ಸಲವೂ ಹಣ ಮತ್ತು ಕೂಲಿ ಹೋಗುತ್ತದೆ. ತಗಡು ಆ ಖರ್ಚನ್ನು ವರ್ಷಗಟ್ಟಲೆ ತಪ್ಪಿಸುತ್ತದೆ, ಹಾಗಾಗಿ ಅದು ಹೂಡಿಕೆಯೇ. ಪರೀಕ್ಷೆಯಲ್ಲಿ ‘ಅನುತ್ಪಾದಕ ವೆಚ್ಚ’ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ದೊಡ್ಡ ಪ್ರಯೋಗ, ಮತ್ತು 12ರಿಂದ 13 ಕಳೆಯುವ ಕಷ್ಟ

ಅದೇ ಸಿಯಾಯಾದಲ್ಲಿ 2014ರಿಂದ ನಡೆದ ಎರಡನೆಯ ಪ್ರಯೋಗದಲ್ಲಿ 653 ಹಳ್ಳಿಗಳಿದ್ದವು. ಸುಮಾರು 10,500 ಕುಟುಂಬಗಳಿಗೆ ತಲಾ 87,000 ಶಿಲಿಂಗ್, ಆಗಿನ ಲೆಕ್ಕದಲ್ಲಿ ಸುಮಾರು 1,000 ಡಾಲರ್, ಕೊಟ್ಟರು. ಅಲ್ಲಿನ ಒಂದು ಕುಟುಂಬದ ವರ್ಷದ ಖರ್ಚಿನ ಮುಕ್ಕಾಲು ಭಾಗದಷ್ಟು ಹಣ ಇದು. ಹಣ ಅತಿ ಹೆಚ್ಚು ಹರಿದ ಹನ್ನೆರಡು ತಿಂಗಳಲ್ಲಿ ಅದು ಸ್ಥಳೀಯ ಜಿಡಿಪಿಯ ಶೇ 15ರಷ್ಟಾಯಿತು. ಎಗ್ಗರ್, ಹೌಸ್‌ಹೋಫರ್, ಮಿಗೆಲ್, ನೀಹೌಸ್, ವಾಕರ್ ಈ ಐವರ ಅಧ್ಯಯನ 2022ರಲ್ಲಿ ಪ್ರಕಟವಾಯಿತು.

ಹಣ ಪಡೆದ ಕುಟುಂಬಗಳ ಅನುಭೋಗ ವೆಚ್ಚ, ಅಂದರೆ ಊಟ, ಬಟ್ಟೆಯಂಥ ಬಳಕೆಯ ಖರ್ಚು, ಸುಮಾರು ಶೇ 12ರಷ್ಟು ಏರಿತ್ತು. ಪಡೆಯದವರದು ಸುಮಾರು ಶೇ 13.

ಇಲ್ಲಿ ನಾನು ಪುಸ್ತಕ ಮುಚ್ಚಿ ಚಹಾ ಮಾಡಿಕೊಂಡೆ. ಪ್ರಯೋಗ ಎಂದರೆ ಪಡೆದವರಿಂದ ಪಡೆಯದವರನ್ನು ಕಳೆಯುವುದು ಎಂದೇ ನಾವು ಕಲಿತದ್ದು. ಹಾಗೆ ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಸಾವಿರ ಡಾಲರ್ ಕೊಟ್ಟು ನಷ್ಟ ಮಾಡಿದಂತೆ!

ತಪ್ಪು ಇರುವುದು ಕಳೆಯುವ ಜಾಗದಲ್ಲಿ. ಪಕ್ಕದ ಮನೆಯವನು ನಿಯಂತ್ರಣ ಗುಂಪು (ಹೋಲಿಕೆಗೆಂದು ಇಟ್ಟುಕೊಂಡ, ಹಣ ಪಡೆಯದ ಗುಂಪು) ಆಗಬೇಕಾದರೆ ಹಣ ಅವನನ್ನು ಮುಟ್ಟಿರಬಾರದು. ಇಲ್ಲಿ ಮುಟ್ಟಿದೆ. ಹಣ ಪಡೆದವಳು ಮಾಡು ಹೊದಿಸಲು ಕರೆದದ್ದು ಅವನನ್ನೇ, ಸಾಮಾನು ಕೊಂಡದ್ದು ಅವನ ಅಂಗಡಿಯಲ್ಲೇ. ಹಾಗಾಗಿ ಇಬ್ಬರನ್ನೂ ಹಣ ಬಾರದ, ಹಣದ ಅಲೆಯೂ ಹೆಚ್ಚು ತಾಕದ ಕಡೆಯವರೊಂದಿಗೆ ಹೋಲಿಸಬೇಕು. ಸಂಶೋಧಕರು ಮೊದಲೇ ಇದಕ್ಕೆ ಏರ್ಪಾಡು ಮಾಡಿದ್ದರು. ಕೆಲವು ಹಳ್ಳಿಗುಂಪುಗಳಲ್ಲಿ ಮೂರರಲ್ಲಿ ಎರಡು ಹಳ್ಳಿಗಳಿಗೆ, ಉಳಿದ ಗುಂಪುಗಳಲ್ಲಿ ಮೂರರಲ್ಲಿ ಒಂದಕ್ಕೆ ಮಾತ್ರ ಹಣ. ಸುತ್ತಮುತ್ತ ಎಷ್ಟು ಹಣ ಇಳಿದಿದೆ ಎಂಬುದೇ ಊರಿಂದೂರಿಗೆ ಬೇರೆಯಾದ್ದರಿಂದ, ಹಣ ಪಡೆಯದವನಿಗೆ ಸಿಕ್ಕ ಲಾಭವನ್ನೂ ಅಳೆಯಬಹುದು. 12 ಮತ್ತು 13 ಬೇರೆ ಬೇರೆ ಗುಂಪುಗಳ ಏರಿಕೆ, ಎರಡೂ ಲಾಭವೇ. ಒಂದರಿಂದ ಇನ್ನೊಂದನ್ನು ಕಳೆಯುವುದಕ್ಕೆ ಅರ್ಥವಿಲ್ಲ. (ಪಡೆಯದವರಲ್ಲಿ ತಗಡಿನ ಮನೆಯವರೇ ಹೆಚ್ಚು, ಅಂದರೆ ಮೊದಲಿನಿಂದಲೂ ಸ್ವಲ್ಪ ಉಳ್ಳವರು. ಆ ಕಾರಣಕ್ಕೂ ನೇರ ಹೋಲಿಕೆ ಸಲ್ಲದು.)

ಗುಣಕ: ನನ್ನ ಮೂರು ದಿನ ಹೋದದ್ದು ಇಲ್ಲಿ

ಕೊಟ್ಟ ಪ್ರತಿ ಒಂದು ಡಾಲರ್‌ಗೆ ಸ್ಥಳೀಯ ಉತ್ಪನ್ನ ಸುಮಾರು 2.5 ಡಾಲರ್ ಹೆಚ್ಚಿತು ಎಂದು ಆ ಅಧ್ಯಯನ ಅಂದಾಜಿಸುತ್ತದೆ. ಈ 2.5ನ್ನೇ ಗುಣಕ ಎನ್ನುವುದು. ಅವರು ಇದನ್ನು ಸೂತ್ರದಿಂದ ತಂದದ್ದಲ್ಲ, ಮನೆ ಮನೆಯ ಖರ್ಚು ಮತ್ತು ಅಂಗಡಿಗಳ ವ್ಯಾಪಾರವನ್ನು ಅಳೆದು ಕೂಡಿಸಿದರು. ನಾನು ಮಾತ್ರ ಪಿಯುಸಿಯ ಹಳೆಯ ಸೂತ್ರ ಹಿಡಿದು ಹೊರಟೆ. ಗುಣಕ = 1 ÷ (1 − ಸೀಮಾಂತ ಅನುಭೋಗ ಪ್ರವೃತ್ತಿ). ಈ ಪ್ರವೃತ್ತಿ ಎಂದರೆ ಹೊಸದಾಗಿ ಬಂದ ಹಣದಲ್ಲಿ ಖರ್ಚಾಗುವ ಪಾಲು. ಗುಣಕ 2.5 ಆಗಬೇಕಾದರೆ ಪ್ರವೃತ್ತಿ 0.6. ಸರಿಯಾಗಿ ಕೂತಿತು ಎಂದು ಖುಷಿಪಟ್ಟೆ. ಕೂತಿರಲಿಲ್ಲ.

ನಿಧಾನವಾಗಿ ನೋಡೋಣ. ಒಬ್ಬಳ ಮೊಬೈಲ್‌ಗೆ 1,000 ಶಿಲಿಂಗ್ ಬಂದಿತು ಎನ್ನಿ. ಹಣ ಕೈಗೆ ಬಂದವರೆಲ್ಲ 10ರಲ್ಲಿ 6 ಪಾಲನ್ನು ಊರೊಳಗೇ ಖರ್ಚು ಮಾಡುತ್ತಾರೆ. ಅವಳು 600 ಶಿಲಿಂಗ್ ಕೊಟ್ಟು ಮಾಡಿನ ಕೆಲಸ ಮಾಡಿಸುತ್ತಾಳೆ. ಕೆಲಸಗಾರ ಅದರಲ್ಲಿ 360ನ್ನು ದರ್ಜಿಗೆ ಕೊಡುತ್ತಾನೆ. ದರ್ಜಿ 216ನ್ನು ಗಿರಣಿಯವನಿಗೆ. ಹೀಗೆ ಕೂಡುತ್ತ ಹೋದರೆ 600 + 360 + 216 + … = 1,500. ಗುಣಕ 1.5, 2.5 ಅಲ್ಲ.

ನಾನು 2.5 ತಂದದ್ದು ಹೇಗೆ? ಸಾಲಿನ ತಲೆಯಲ್ಲಿ 1,000 ಸೇರಿಸಿದ್ದರಿಂದ. ಆ 1,000ವನ್ನು ಸೇರಿಸಬಾರದು. ಮೊಬೈಲ್ ಗುಣುಗುಟ್ಟಿದ ಕ್ಷಣದಲ್ಲಿ ಊರಿನಲ್ಲಿ ಯಾರೂ ಏನನ್ನೂ ತಯಾರಿಸಿಲ್ಲ. ಒಂದು ಕಡೆಯ ಹಣ ಇನ್ನೊಂದು ಕಡೆಗೆ ಬಂದಿದೆ, ಅಷ್ಟೇ. ಉತ್ಪಾದನೆ ಶುರುವಾಗುವುದು ಕೆಲಸಗಾರ ಏಣಿ ಹತ್ತಿದಾಗ. ಅದೇ 1,000ವನ್ನು ಅವಳಿಗೆ ರಸ್ತೆ ಕೆಲಸದ ಕೂಲಿಯಾಗಿ ಕೊಟ್ಟಿದ್ದರೆ ಮಾತು ಬೇರೆ. ಆಗ ರಸ್ತೆ ಎದ್ದಿರುತ್ತಿತ್ತು, ಮೊದಲ 1,000ವೇ ಉತ್ಪನ್ನ. ಹಳೆಯ ಸೂತ್ರ ಆ ಸಂದರ್ಭದ್ದು. ವರ್ಗಾವಣೆಯದು ಪ್ರವೃತ್ತಿ ÷ (1 − ಪ್ರವೃತ್ತಿ).

ಎರಡು ಸೂತ್ರ ನೆನಪಿಡುವ ಗೋಜು ಬೇಡ ಎಂದು ನಾನು ಮಾಡಿಕೊಂಡ ಅಡ್ಡದಾರಿ: ಹಳೆಯ ಗುಣಕ ಹಾಕಿ, ಒಂದು ಕಳೆಯಿರಿ. ಯಾವ ಪ್ರವೃತ್ತಿಗೂ ಇದು ಸರಿಹೋಗುತ್ತದೆ, ಏಕೆಂದರೆ ಕಳೆಯುತ್ತಿರುವ ಆ ‘ಒಂದು’ ಎಂದರೆ ಏನನ್ನೂ ತಯಾರಿಸದ ಮೊದಲ ಹಣವೇ. ಈಗ ಹಿಂದಕ್ಕೆ ಬನ್ನಿ. 2.5 ಬೇಕಾದರೆ ಹಳೆಯ ಗುಣಕ 3.5 ಇರಬೇಕು. ಆಗ ಪ್ರವೃತ್ತಿ ಸುಮಾರು 0.71. ಅಂದರೆ 10ರಲ್ಲಿ 7 ಪಾಲು ಸುತ್ತಮುತ್ತಲೇ ತಿರುಗಬೇಕು. ಅಂಗೈಯಗಲದ ಕಾಗದದಲ್ಲಿ ಇದನ್ನು ನಾಲ್ಕು ಸಲ ಬಿಡಿಸಿದ ಮೇಲೆಯೇ ನನಗೆ ನಂಬಿಕೆ ಬಂದದ್ದು.

ಇದಕ್ಕೇ ಅಂಟಿಕೊಂಡ ಎರಡು ಸಣ್ಣ ಗೊಂದಲಗಳಿವೆ. ಅವಳು ನೆರೆಯವನ ಮೇಕೆಯನ್ನು ಕೊಂಡರೆ? ಮೇಕೆ ಈ ಕೊಟ್ಟಿಗೆಯಿಂದ ಆ ಕೊಟ್ಟಿಗೆಗೆ ಹೋಯಿತು, ಉತ್ಪನ್ನ ಹೆಚ್ಚಲಿಲ್ಲ. ಈಗ ನಗದು ನೆರೆಯವನ ಕೈಯಲ್ಲಿದೆ, ಅವನೇ ಹೊಸದಾಗಿ ಹಣ ಬಂದವನು ಎಂದುಕೊಂಡು ಲೆಕ್ಕ ಶುರುಮಾಡಿ. ತಗಡಿನ ಹಾಳೆಗೆ ಕೊಟ್ಟ ಹಣ? ಹಾಳೆ ಹೊರಗಿನಿಂದ ಬಂದದ್ದು, ಅದರ ಬೆಲೆಯ ಬಹುಪಾಲು ಊರು ದಾಟಿ ಹೋಗುತ್ತದೆ. ಕೂಲಿ ಮತ್ತು ಅಂಗಡಿಯವನ ಲಾಭ ಉಳಿಯುತ್ತದೆ.

ಇಷ್ಟು ಹಣ ಸುರಿದರೆ ಬೆಲೆ ಏರಬೇಕಲ್ಲ? ಸರಾಸರಿ ಏರಿಕೆ ಶೇ 0.1ರ ಆಸುಪಾಸು, ಇಲ್ಲವೆನ್ನುವಷ್ಟು ಕಡಿಮೆ. ಹಳ್ಳಿಯ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಯಂತ್ರ ಇದೆ, ಮಾಲೀಕ ಇದ್ದಾನೆ, ಗಿರಾಕಿ ಇಲ್ಲ. ಅರ್ಧ ದಿನ ಅವನು ಬಾಗಿಲಲ್ಲಿ ಕುಳಿತು ದಾರಿ ನೋಡುತ್ತಾನೆ. ಹತ್ತು ಜನ ಹೆಚ್ಚು ಬಂದರೆ ಹೊಸ ಯಂತ್ರವೂ ಬೇಡ, ಹೊಸ ಆಳೂ ಬೇಡ, ದರ ಏರಿಸುವ ಕಾರಣವೂ ಇಲ್ಲ. ಅಧ್ಯಯನದಲ್ಲೂ ಅಂಗಡಿಗಳ ವ್ಯಾಪಾರ ಏರಿತೇ ಹೊರತು ಹೂಡಿಕೆ ಅದಕ್ಕೆ ತಕ್ಕಂತೆ ಏರಲಿಲ್ಲ. ಬಂಡವಾಳ ಇದ್ದೂ ಕೈಕಟ್ಟಿ ಕುಳಿತವನಿಗೆ ಬೇಕಾದದ್ದು ಗಿರಾಕಿ. ಊರೆಲ್ಲ ಪೂರ್ತಿ ದುಡಿಯುತ್ತಿರುವ ಕಡೆ ಈ ಲೆಕ್ಕ ನಡೆಯುವುದಿಲ್ಲ.

ಇಡಿಗಂಟೋ, ತಿಂಗಳ ಕಂತೋ

ಬದುಕು ಕಟ್ಟಿಕೊಳ್ಳುವ ಪ್ರಶ್ನೆಗೆ ನೇರವಾಗಿ ತಾಗುವುದು ಈ ಭಾಗ. ಅಭಿಜಿತ್ ಬ್ಯಾನರ್ಜಿ, ತವನೀತ್ ಸೂರಿ ಮೊದಲಾದವರು ಕೆನ್ಯಾದಲ್ಲೇ ನಡೆಸಿದ ಮೂರನೆಯ ಪ್ರಯೋಗದಲ್ಲಿ 295 ಹಳ್ಳಿಗಳು. 44 ಹಳ್ಳಿಗಳ ಪ್ರತಿ ವಯಸ್ಕರಿಗೆ 12 ವರ್ಷ ತಿಂಗಳಿಗೆ 2,250 ಶಿಲಿಂಗ್ ಕೊಡುವ ಭರವಸೆ, 80 ಹಳ್ಳಿಗಳಿಗೆ ಅಷ್ಟೇ ಹಣ ಎರಡೇ ವರ್ಷ, 71 ಹಳ್ಳಿಗಳಲ್ಲಿ ಪ್ರತಿ ವಯಸ್ಕರಿಗೆ ಸುಮಾರು 500 ಡಾಲರ್‌ನ ಇಡಿಗಂಟು, ಉಳಿದ 100ಕ್ಕೆ ಏನೂ ಇಲ್ಲ. ಎರಡು ವರ್ಷದ ಬಳಿಕ ನೋಡಿದಾಗ ಇಡಿಗಂಟು ಪಡೆದವರಲ್ಲೂ 12 ವರ್ಷದ ಭರವಸೆಯವರಲ್ಲೂ ಹೊಸ ಸಣ್ಣ ವ್ಯಾಪಾರಗಳು ಚೆನ್ನಾಗಿ ಎದ್ದಿದ್ದವು. ಎರಡು ವರ್ಷದ ಕಂತಿನವರು ಹಿಂದೆ. ಯಾರೂ ಸೋಮಾರಿಗಳಾಗಿರಲಿಲ್ಲ. ಕೂಲಿ ಕಡಿಮೆ ಮಾಡಿ ಸ್ವಂತ ಕಸುಬಿಗೆ ಹೊರಳಿದ್ದರು.

ಇಲ್ಲಿಯೂ ಒಂದು ಒಗಟು. ನೋಡುವ ಹೊತ್ತಿಗೆ 12 ವರ್ಷದವರಿಗೂ ಎರಡು ವರ್ಷದವರಿಗೂ ಸಿಕ್ಕಿದ್ದ ಹಣ ಒಂದೇ. ಮತ್ತೆ ವ್ಯತ್ಯಾಸ ಎಲ್ಲಿಂದ?

ಉತ್ತರ ನಮ್ಮ ಮನೆಯಲ್ಲೇ ಇತ್ತು: ಚೀಟಿ. ನನ್ನ ಅತ್ತೆ ಹೊಲಿಗೆ ಯಂತ್ರ ಕೊಂಡದ್ದು ಚೀಟಿ ಎತ್ತಿ. ಹನ್ನೆರಡು ಹೆಂಗಸರು ತಿಂಗಳಿಗೆ ತಲಾ 500 ಹಾಕಿದರೆ ಒಬ್ಬಳಿಗೆ 6,000 ಸಿಗುತ್ತದೆ. ತಿಂಗಳ ಪುಡಿಗಾಸು ಹೀಗೆ ಇಡಿಗಂಟಾಗುತ್ತದೆ. ಕೆನ್ಯಾದಲ್ಲೂ ಇಂಥ ಗುಂಪುಗಳು ಧಾರಾಳವಾಗಿವೆ. 12 ವರ್ಷದ ಭರವಸೆ ಇದ್ದವರು ಇವುಗಳಿಗೆ ಹೆಚ್ಚು ಹಣ ಹಾಕಿದರು. ಮುಂದೆಯೂ ಕಂತು ಬರುತ್ತದೆ ಎಂಬ ನಂಬಿಕೆ ಇದ್ದವಳು ನಡುವೆ ನಿಲ್ಲಿಸದೆ ಚೀಟಿ ಕಟ್ಟಬಲ್ಲಳು, ಇವತ್ತಿನ ಕಂತು ಪೂರ್ತಿ ಚೀಟಿಗೇ ಹೋದರೂ ಅಂಜುವುದಿಲ್ಲ, ವ್ಯಾಪಾರ ಕೈಕೊಟ್ಟರೂ ಉಪವಾಸ ಬೀಳುವುದಿಲ್ಲ ಎಂದು ಧೈರ್ಯ ಮಾಡುತ್ತಾಳೆ. ಕೈಗೆ ಬಂದ ಮೊತ್ತ ಒಂದೇ ಆದರೂ ಮುಂದಿನ ಹತ್ತು ವರ್ಷದ ಲೆಕ್ಕ ಬೇರೆ. ರರಿಯೆಡಾದಲ್ಲೂ ಕಂತು ಪಡೆದವರ ಊಟ ಸುಧಾರಿಸಿತ್ತು, ಇಡಿಗಂಟು ಪಡೆದವರಲ್ಲಿ ಬಾಳಿಕೆ ಬರುವ ವಸ್ತುಗಳು ಹೆಚ್ಚಿದ್ದವು.

ನಮ್ಮ ಕಡೆಗೆ ಹೊಂದಿಸುವಾಗ: ಗೃಹಲಕ್ಷ್ಮಿ (2023ರಿಂದ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ) ಕಂತಿನ ಜಾತಿಯದು. ಪಿಎಂ-ಕಿಸಾನ್ (2019ರಿಂದ, ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು) ಹೆಸರಿಗೆ ರೈತನ ಬಂಡವಾಳವಾದರೂ, ಇಡಿಗಂಟಿನ ಕೆಲಸ ಮಾಡಲು ತೀರ ಸಣ್ಣದು ಎಂಬುದು ನನ್ನ ಅಭಿಪ್ರಾಯ. ಮೌಲ್ಯಮಾಪಕರು ಒಪ್ಪುತ್ತಾರೋ ಇಲ್ಲವೋ.

ಇನ್ನೊಂದು ಸಾಲು ಸೇರಿಸಿಕೊಳ್ಳಿ. ಉತ್ತರ ಉಗಾಂಡಾದಲ್ಲಿ ಯುವಕರ ಗುಂಪುಗಳಿಗೆ ಕಸುಬು ಆರಂಭಿಸಲು ಒಬ್ಬೊಬ್ಬರಿಗೆ ಸುಮಾರು 380 ಡಾಲರ್‌ನಂತೆ ಕೊಟ್ಟರು. ನಾಲ್ಕು ವರ್ಷಕ್ಕೆ ಗಳಿಕೆ ಶೇ 38 ಹೆಚ್ಚಿತ್ತು. ಒಂಬತ್ತು ವರ್ಷಕ್ಕೆ ಹಣ ಪಡೆಯದವರೂ ಗಳಿಕೆಯಲ್ಲಿ ಸಮ ಬಂದಿದ್ದರು. ಆಸ್ತಿ ಮತ್ತು ಕಸುಬಿನಲ್ಲಿ ಮಾತ್ರ ಪಡೆದವರು ಮುಂದಿದ್ದರು. ‘ಯಾವಾಗ ಅಳೆದರು’ ಎಂದು ಕೇಳದೆ ಯಾವ ಅಂಕಿಯನ್ನೂ ಉತ್ತರಪತ್ರಿಕೆಗೆ ಇಳಿಸಬೇಡಿ.

ಅಭ್ಯಾಸಕ್ಕೆ: ಊರಿಗೆ 5,000 ರೂಪಾಯಿ ವರ್ಗಾವಣೆ ಬಂದಿದೆ, ಪ್ರತಿ ಸುತ್ತಿನಲ್ಲೂ ಅರ್ಧ ಊರಲ್ಲೇ ಖರ್ಚಾಗುತ್ತದೆ. ಉತ್ಪನ್ನ ಎಷ್ಟು ಹೆಚ್ಚುತ್ತದೆ? 10,000 ಎಂದು ಬರೆದವರು ಏಣಿ ಹತ್ತಿದ ಕೆಲಸಗಾರನಲ್ಲಿಗೆ ವಾಪಸು ಹೋಗಿ.