ಹಳಿ ಪಕ್ಕದ ಗಾಜಿನ ಕಟ್ಟಡ: ಸದ್ದು ನುಗ್ಗುವುದು ಸಂದಿಯಿಂದ

ತುಮಕೂರು ರೈಲು ನಿಲ್ದಾಣದ ಆಸುಪಾಸಿನಲ್ಲಿ ಗಾಜಿನ ಕಚೇರಿ ಕಟ್ಟಿಸುವವರು ಮೊದಲು ವಿಚಾರಿಸುವುದು ಗಾಜಿನ ಬಣ್ಣವನ್ನು. ಮೊದಲು ಹಾಕಬೇಕಾದ್ದು ಸದ್ದಿನ ಲೆಕ್ಕ.

ಗುತ್ತಿಗೆದಾರರು ಸಾಮಾನ್ಯವಾಗಿ ಹೇಳುವುದು 6 ಮಿ.ಮೀ. ಗಾಜು ಎರಡು, ನಡುವೆ 12 ಮಿ.ಮೀ. ಗಾಳಿ. ಬಿಸಿಲಿಗೆ ಇದು ಸರಿ, ರೈಲಿಗೆ ಸಾಲದು. 6 ಮಿ.ಮೀ. ಗಾಜು ಸುಮಾರು 2000 ಹರ್ಟ್ಸ್ (ಸೆಕೆಂಡಿಗೆ 2000 ಕಂಪನ) ಆಸುಪಾಸಿನ ಸದ್ದನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಗಾಡಿ ನಿಲ್ಲುವಾಗ ಬ್ರೇಕು ಕಿರ್ರೆನ್ನುವುದೂ ಹೆಚ್ಚುಕಡಿಮೆ ಅಲ್ಲೇ. ಎರಡೂ ಗಾಜು ಒಂದೇ ದಪ್ಪವಿದ್ದರೆ ಎರಡರ ದೌರ್ಬಲ್ಯವೂ ಒಂದೇ. ಹಳಿಯ ಕಡೆಗೆ ಹೊರಗೆ 8 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು), ಒಳಗೆ 5+5 ಲ್ಯಾಮಿನೇಟೆಡ್ (5 ಮಿ.ಮೀ.ನ ಎರಡು ಗಾಜನ್ನು ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಅಂಟಿಸಿದ್ದು), ನಡುವೆ 16 ಮಿ.ಮೀ. ಅಂತರ ಕೊಡಿ. ಉಳಿದ ಮೂರು ಮುಖಕ್ಕೆ ಇಷ್ಟು ಖರ್ಚು ಬೇಕಿಲ್ಲ.

ಆದರೆ ತೂಕ ಮರೆಯಬೇಡಿ. ಗಾಜಿನ ತೂಕ ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. 6+6ಕ್ಕೆ 30 ಕೆ.ಜಿ. ಇದ್ದದ್ದು 8+5+5ಕ್ಕೆ 45 ಆಗುತ್ತದೆ. ಗಾಜು ಬದಲಿಸಿ ಹಳೆಯ ಕೀಲನ್ನೇ ಉಳಿಸಿಕೊಂಡರೆ ತೆರೆಯುವ ಕಿಟಕಿ ಜೋತುಬೀಳುತ್ತದೆ, ಚಿಲಕದ ಕಡೆಯ ಮೂಲೆ ಬಾಯಿ ಬಿಡುತ್ತದೆ. ಅಲ್ಲಿಗೆ ದುಬಾರಿ ಗಾಜು ವ್ಯರ್ಥ: ಗೋಡೆಯ ನೂರರಲ್ಲಿ ಒಂದು ಪಾಲು ಸಂದಿಯಾದರೂ ಸಾಕು, ಗಾಜು ಎಷ್ಟೇ ಒಳ್ಳೆಯದಿರಲಿ, ತಡೆ 20 ಡೆಸಿಬಲ್ ದಾಟುವುದಿಲ್ಲ.

ಸಂದಿ ಮುಚ್ಚುವ ರಬ್ಬರ್ ಪಟ್ಟಿಯನ್ನು (ಗ್ಯಾಸ್ಕೆಟ್) ಎಳೆದು ಕೂರಿಸುವುದು ಇನ್ನೊಂದು ತಪ್ಪು. ಎಳೆದ ರಬ್ಬರು ತನ್ನ ಅಳತೆಗೆ ಹಿಂದಿರುಗುತ್ತದೆ, ಒಂದೆರಡು ಬೇಸಿಗೆಯಲ್ಲಿ ಮೂಲೆಗಳಲ್ಲಿ ಬೆರಳಗಲ ಖಾಲಿ ಕಾಣುತ್ತದೆ. ತುಸು ಉದ್ದವಾಗಿ ಕತ್ತರಿಸಿ, ಒತ್ತಿ ಕೂರಿಸಿ, ಮೂಲೆಗೆ ಅಂಟು ಹಾಕಬೇಕು. ಪರೀಕ್ಷೆ ಸುಲಭ: ಕಿಟಕಿಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ, ಚಿಲಕ ಹಾಕಿ ಎಳೆಯಿರಿ. ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ.

ಮಹಡಿಯ ಸ್ಲ್ಯಾಬಿಗೂ ಗಾಜಿಗೂ ನಡುವೆ ಉಳಿಯುವ ಸೀಳಿಗೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹತ್ತಿ) ಬಿಗಿಯಾಗಿ ತುಂಬಿ ಮೇಲೆ ಸೀಲ್ ಮಾಡಿಸಿ. ಬೆಂಕಿಯ ಹೊಗೆಗೂ ಅದೇ ತಡೆ. ಫಾಲ್ಸ್ ಸೀಲಿಂಗ್ ಮುಚ್ಚುವ ಮುನ್ನ ಏಣಿ ಹತ್ತಿ ಕಣ್ಣಾರೆ ನೋಡಿ.

ನೆಲದಿಂದ ಏರುವ ಗಡಗಡ ನಡುಕವನ್ನು ಯಾವ ಗಾಜೂ ತಡೆಯದು, ಅದು ಅಡಿಪಾಯದ ಕೆಲಸ. ಪಾಯ ಅಗೆಯುವ ಮೊದಲೇ, ಗೂಡ್ಸ್ ಗಾಡಿ ಹಾಯುವಾಗ ನಿವೇಶನದಲ್ಲಿ ಕಂಪನ ಅಳೆಸಿ.